ಹೊಗೆ ಬಂದಿರಲಿಲ್ಲ

"ಐದನೇ ಕ್ಲಾಸಲ್ಲಿ ಇವನ್ನ ಬೆಂಚಿನ ಮೇಲೆ ನಿಲ್ಸಿದ್ರು, ಇನ್ನೂ ಇಳಿದಿಲ್ಲ ನೋಡ್ರಪ್ಪ. ಅಲ್ಲಿಂದ್ಲೇ ಕಂಪನಿ ಇಂಜಿನಿಯರಿಗೆ ಸಾಕ್ಷಿ ಹೇಳ್ತಾವ್ನೆ," ಎಂದರು ಪುರಸಭೆ ಅಧ್ಯಕ್ಷ ಚಿಕ್ಕರಂಗಪ್ಪನವರು, ನನ್ನ ಕಡೆ ಕೈ ತೋರಿಸಿ. ಪುರಸಭೆಯ ಹಿಂದಿನ ಅಂಗಳದಲ್ಲಿ ಅರ್ಧ ಊರು ನಿಂತಿತ್ತು. ಮೊದಲು ಹೂವಿನ ಅಂಗಡಿಯ ಸಾಲಿನವರು ನಕ್ಕರು, ಆಮೇಲೆ ಬಸ್ಸಿನ ಏಜೆಂಟು, ಆಮೇಲೆ ನಗು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಷ್ಟು ಜನ. ನನ್ನ ಭಾವ ತಿಮ್ಮರಾಯಿಯೂ ನಕ್ಕ. ಅಧ್ಯಕ್ಷರು ಅಂದದ್ದು ನನಗೆ ಅಷ್ಟು ಉರಿಯಲಿಲ್ಲ, ಅವರ ಬಾಯಿ ಇರುವುದೇ ಅದಕ್ಕೆ. ಭಾವ ನಕ್ಕದ್ದು ಉರಿಯಿತು.

ನಾನು ಹೇಳಿದ್ದೇನು? "ಗಾಡಿ ತಾನೇ ಹಿಂದಕ್ಕೆ ಜರುಗಿತು, ನಾನು ನೋಡಿದೆ" ಅಂದೆ. ಅಷ್ಟೇ. ಅದಕ್ಕೆ ಐದನೇ ಕ್ಲಾಸು ಯಾಕೆ ಬರಬೇಕು? ಜರುಗುವ ಗಾಡಿಯನ್ನು ಜರುಗಿತು ಎನ್ನಲು ಎಷ್ಟನೇ ಕ್ಲಾಸು ಓದಿರಬೇಕು?

ಗಾಡಿ ಎಂದರೆ ನಮ್ಮ ಊರಿನ ಬೆಂಕಿ ಆರಿಸುವ ಗಾಡಿ. ಊರಿಗೆಲ್ಲ ಒಂದೇ. ಅದರ ಡ್ರೈವರು ನನ್ನ ಭಾವ, ಹಿಂಭಾಗದಲ್ಲಿರುವ ಪಂಪು ನಡೆಸುವವನೂ ಅವನೇ. ನಾನು ಆ ಗಾಡಿ ನಿಲ್ಲುವ ಸ್ಟೇಷನ್ನಿನ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದೆ. ಕರೆ ಬಂದಾಗ ಶಟರ್ ಎಳೆದು ಗಾಡಿ ಹತ್ತಿ ನೀರಿನ ಪೈಪು ಹಿಡಿಯುತ್ತಿದ್ದೆ. ಶಾಲೆ ಬಿಟ್ಟು ಬೀದಿ ಬೀದಿ ಸುತ್ತುತ್ತಿದ್ದವನನ್ನು ಮನೆಗೆ ಕರೆದು ಅನ್ನ ಹಾಕಿದವಳು ಅಕ್ಕ ನಿಂಗಾಜಿ, ಕೈಗೆ ಆ ಪೈಪು ಕೊಡಿಸಿದವನು ಭಾವ.

ಅವತ್ತು ಬೆಳಗ್ಗೆ ಗಾಡಿಯ ಕಂಪನಿಯಿಂದ ಒಬ್ಬರು ಬಂದಿದ್ದರು. ನೊರೊನ್ಹಾ ಎಂದು ಹೆಸರು, ಕಡಲ ಕಡೆಯವರು. ಮಾತು ಮೆತ್ತಗೆ, ಆದರೆ ಬಂದವರೇ ಕೈಚೀಲ ಕೂಡ ಕೆಳಗಿಡದೆ ವಿಷಯಕ್ಕೆ ಇಳಿದರು. "ಈ ಮಾಡೆಲಿನ ಗಾಡಿಗಳನ್ನೆಲ್ಲ ಕಂಪನಿ ವಾಪಸು ಕರೆಸ್ತಾ ಉಂಟು ಸಾರ್. ನಿಲ್ಲಿಸಿಟ್ಟಾಗ ಹಾಕುವ ಬ್ರೇಕಿನಲ್ಲಿ ದೋಷ ಉಂಟು. ಇಂಜಿನು ಚಾಲೂ ಇಟ್ಟು ತುಂಬ ಹೊತ್ತು ನಿಲ್ಲಿಸಿದರೆ ಬ್ರೇಕಿನ ಗಾಳಿ ಸೋರ್ತದೆ, ಗಾಡಿ ಉರುಳ್ತದೆ. ತಪ್ಪು ನಮ್ಮದೇ. ಒಂದು ತಿಂಗಳು ಕೊಡಿ, ಸರಿ ಮಾಡಿ ತಂದು ನಿಲ್ಲಿಸ್ತೇವೆ."

ಅಧ್ಯಕ್ಷರು ಕೇಳಿದರು: "ಹೊಗೆ ಬಂದೈತಾ?"

ನೊರೊನ್ಹಾ ಅವರಿಗೆ ಅರ್ಥವಾಗಲಿಲ್ಲ. "ಇಲ್ಲ ಸಾರ್, ಇದಕ್ಕೆ ಹೊಗೆ ಎಲ್ಲ ಬರುವುದಿಲ್ಲ. ಬ್ರೇಕಿನದ್ದಲ್ಲವಾ."

"ಕೇಳಿದ್ರಾ? ಬರಲ್ಲ ಅಂತ ಅವ್ರೇ ಒಪ್ಕೊಂಡ್ರು," ಎಂದು ಅಧ್ಯಕ್ಷರು ಜನರ ಕಡೆ ತಿರುಗಿದರು. ಕೆಲಸ ಮುಗಿಯಿತು ಎಂಬಂತೆ ಒಂದಿಬ್ಬರು ಆಗಲೇ ಚಪ್ಪಲಿ ಹುಡುಕತೊಡಗಿದರು.

ನಮ್ಮ ಊರಿನಲ್ಲಿ ಬೆಂಕಿಗಿಂತ ಒಂದು ದಿನ ಮುಂಚೆ ಹೊಗೆ ಬರುತ್ತದೆ. ಮೊದಲು ದಿಂಬಿನ ಚೀಲದಲ್ಲಿ ವಾಸನೆ, ಆಮೇಲೆ ಮಡಿಸಿಟ್ಟ ಸೀರೆಗಳಲ್ಲಿ, ಆಮೇಲೆ ಹೆಂಚಿನ ಕೆಳಗೆ ತೆಳ್ಳಗೆ ನೀಲಿ. ಮನೆಯವರು ಪಕ್ಕದ ಮನೆಗೆ ಹೇಳಿ ಕಳಿಸುತ್ತಾರೆ. ಬೀದಿಯವರು ಬಂದು ಪಾತ್ರೆ, ತೊಟ್ಟಿಲು, ದೇವರ ಪಟ, ಟೀವಿ, ಬೆಕ್ಕು ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತಾರೆ. ಬಾಗಿಲನ್ನೂ ಕೀಲು ಬಿಚ್ಚಿ ಎತ್ತಿಡುವವರಿದ್ದಾರೆ. ಆ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ, ನೆರೆಯವರೇ ಅಡುಗೆ ಮಾಡಿ ಬಡಿಸುತ್ತಾರೆ. ಮಾರನೆಯ ದಿನ ಬೆಳಕು ಹರಿಯುವಾಗ ಗಾಡಿ ಹೋಗಿ ಬಾಗಿಲ ಮುಂದೆ ನಿಲ್ಲುತ್ತದೆ. ನಿಂತ ಮೇಲೆ ಇಂಜಿನು ಆರಿಸುವಂತಿಲ್ಲ. ಬೆಂಕಿ ಬೆಳಗ್ಗೆಯೇ ಬಂದೀತು, ಸಂಜೆಗೆ ಬಂದೀತು. ಆರಿಸಿದರೆ ಆ ಮನೆಯನ್ನು ಕೈಬಿಟ್ಟ ಹಾಗೆ, ಮನೆಯ ಹೆಂಗಸರು ಬೀದಿಗೆ ಬಂದು ಮಣ್ಣು ತೂರುತ್ತಾರೆ. ಹಾಗಾಗಿ ಗಾಡಿ ಗುಡುಗುಡು ಅನ್ನುತ್ತಲೇ ಇರುತ್ತದೆ. ನಾವು ಉಪ್ಪಿಟ್ಟು ತಿಂದು ಕಾಯುತ್ತೇವೆ. ಬೆಂಕಿ ಬರುತ್ತದೆ. ಭಾವ ಪಂಪು ತೆರೆಯುತ್ತಾನೆ, ನಾನು ಪೈಪು ಹಿಡಿಯುತ್ತೇನೆ, ಒಂದು ಗೋಡೆ ಕಪ್ಪಾಗುವಷ್ಟರಲ್ಲಿ ಆರುತ್ತದೆ. ಸಂಜೆಗೆ ಪಾತ್ರೆಗಳು ವಾಪಸು ಬರುತ್ತವೆ, ಒಂದು ವಾರದಲ್ಲಿ ಸುಣ್ಣ. ಹೊಗೆ ಬಂದ ಮೇಲೆ ಬೆಂಕಿಯನ್ನು ಬೇಡ ಅನ್ನುವುದಕ್ಕೆ ಮಾತ್ರ ಆಗುವುದಿಲ್ಲ. ಒಬ್ಬ ಹಟಮಾರಿ ತನ್ನ ಮನೆಯನ್ನು ಒಂದು ದಿನ ಒಂದು ರಾತ್ರಿ ನೀರಿನಲ್ಲಿ ತೋಯಿಸಿಟ್ಟಿದ್ದ. ತೋಯ್ದ ತೊಲೆಯೇ ಹತ್ತಿಕೊಂಡಿತು. ಆದರೂ ಬೆಂಕಿಗೆ ಸಿಕ್ಕಿ ಸತ್ತವರು ನಮ್ಮಲ್ಲಿ ಯಾರ ನೆನಪಿನಲ್ಲೂ ಇಲ್ಲ.

ಗೋಡೆ ಹಂಚಿಕೊಂಡ ಮನೆಯವರು "ಹೊಗೆ ನಿಮ್ಮದು" "ನಮ್ಮದಲ್ಲ ನಿಮ್ಮದು" ಎಂದು ಜಗಳವಾಡುತ್ತಾರೆ. ಹೆಣ್ಣು ಕೊಡುವವರು "ನಿಮ್ಮನೆಗೆ ಹೊಗೆ ಬಂದು ಎಷ್ಟು ದಿನ ಆಯ್ತು?" ಎಂದು ವಿಚಾರಿಸುತ್ತಾರೆ. ಸದ್ಯಕ್ಕೆ ಮತ್ತೆ ಬರಲಾರದೆಂದು ಇತ್ತೀಚೆಗೆ ಬಂದು ಹೋದ ಮನೆಗೆ ಬೇಡಿಕೆ ಜಾಸ್ತಿ. ಹೀಗೆ ನಡೆದು ನಡೆದು ಊರಿಗೆ ಒಂದು ಚಾಳಿ ಅಂಟಿಕೊಂಡಿತು. ಮಗು ಹುಣಸೆ ಮರದ ತುದಿಯಲ್ಲಿದ್ದರೂ ತಾಯಿ "ಹೊಗೆ ಬಂದಿಲ್ಲ ಬಿಡು" ಎಂದು ಅಕ್ಕಿ ಆರಿಸುತ್ತಾಳೆ. ಮುಂದಿನ ಒಂದೇ ದೀಪ ಉರಿಯುವ ಬಸ್ಸು ಹತ್ತುವಾಗ ಕಂಡಕ್ಟರು "ಹೊಗೆ ಬಂದಿಲ್ಲ, ನಡೀರಿ ಒಳಗೆ" ಎನ್ನುತ್ತಾನೆ. ಜ್ವರ ಬಂದು ಸತ್ತವರು, ಮುಪ್ಪಾಗಿ ಸತ್ತವರು ಇದ್ದರು, ಅದು ಬೇರೆ ಮಾತು ಎಂದುಬಿಡುತ್ತಿದ್ದೆವು. ಮುಂಚೆ ಹೇಳದೆ ಕೆಟ್ಟದ್ದು ಬರುವುದಿಲ್ಲ ಎಂದು ಊರು ನಂಬಿತ್ತು. ಇಂಥ ಊರಿಗೆ ಬಂದು ಆ ಮನುಷ್ಯ ಬ್ರೇಕು ಅಂದರು.

ಆದರೂ ಅವರು ಸುಮ್ಮನಾಗಲಿಲ್ಲ. "ನೀವು ಗಾಡಿಯನ್ನು ಎಷ್ಟು ಹೊತ್ತು ನಿಲ್ಲಿಸ್ತೀರಿ?" ಎಂದು ಭಾವನನ್ನು ಕೇಳಿದರು. "ಬೆಳಗಿಂದ ಬೈಗಿನ ತಂಕ," ಎಂದ ಭಾವ, ಹೆಮ್ಮೆಯಿಂದ. ನೊರೊನ್ಹಾ ಅವರ ಮುಖ ನೋಡಬೇಕಿತ್ತು. "ಬೇರೆ ಕಡೆ ಬೆಂಕಿ ಬಿದ್ದ ಮೇಲೆ ಗಾಡಿ ಹೋಗ್ತದೆ ಮಾರಾಯ್ರೆ, ನೀರು ಬಿಡ್ತದೆ, ಬರ್ತದೆ. ಅಂಥ ಕಡೆಯೇ ಎರಡು ಗಾಡಿ ಉರುಳಿದ್ದಾವೆ. ನೀವು ದಿನಗಟ್ಟಲೆ ನಿಲ್ಲಿಸಿ ಅದರ ಹಿಂದೆಯೇ ನಿಂತ್ಕೊಳ್ತೀರಿ!" ಎಂದು ತಾವೇ ಹೋಗಿ ಗಾಡಿಯನ್ನು ಅಂಗಳದ ಇಳಿಜಾರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಇಂಜಿನು ಚಾಲೂ ಇಟ್ಟರು. "ನೋಡಿ. ಕಾದು ನೋಡಿ."

ಊರು ಕಾಯಿತು. ಊಟದ ಹೊತ್ತಿನವರೆಗೆ ಕಾಯಿತು. ಆಮೇಲೆ ಹಸಿವಾಯಿತು, ಹೊರಟಿತು. ಅಂಗಡಿಯಲ್ಲಿ ಕೆಲಸವಿರಲಿಲ್ಲವೆಂದು ನಾನು ಉಳಿದೆ. ಗಾಡಿಯ ಹೊಟ್ಟೆಯ ಕೆಳಗೆಲ್ಲೋ ಸಣ್ಣಗೆ ಸುಯ್ ಅಂದಿತು. ಹಿಂದಿನ ಗಾಲಿಯ ಹಿಂದೆಯೇ ಒಂದು ಬೀಡಿ ತುಂಡು ಬಿದ್ದಿತ್ತು, ಅದನ್ನೇ ನೋಡುತ್ತಿದ್ದೆ. ಗಾಲಿ ಮೆಲ್ಲಗೆ ಅದರ ಮೇಲೆ ಹತ್ತಿತು. ಯಾರೂ ಮುಟ್ಟಿರಲಿಲ್ಲ. ಅಷ್ಟು ದೊಡ್ಡ ಗಾಡಿ, ಒಂದು ಸದ್ದಿಲ್ಲದೆ, ಕಳ್ಳನ ಹಾಗೆ. ನೊರೊನ್ಹಾ ಹಾರಿ ಒಳಗೆ ಕೂತು ಕಾಲಿನ ಬ್ರೇಕು ತುಳಿದರು.

ಊರು ಎಲೆ ಅಡಿಕೆ ಅಗಿಯುತ್ತ ವಾಪಸು ಬಂದಾಗ ಗಾಡಿ ನಿಂತೇ ಇತ್ತು. "ಎಲ್ಲಿ ಜರುಗೈತೆ? ಇಲ್ಲೇ ಐತಲ್ಲ!" ನಾನು ಬೀಡಿ ತುಂಡು ತೋರಿಸಿದೆ. ಆಗಲೇ ಅಧ್ಯಕ್ಷರು ಬೆಂಚಿನ ಮಾತು ಆಡಿದ್ದು.

ನಗು ನಿಂತ ಮೇಲೆ ಅವರು ಒಂದು ಮಾತು ಕೇಳಿದರು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. "ಆಯ್ತು, ಗಾಡಿ ಕೊಟ್ಬುಟ್ವು. ನಾಳೆ ನಿಮ್ಮನೆಗೆ ಹೊಗೆ ಬತ್ತದೆ. ನಾಡಿದ್ದು ಬೆಂಕಿ. ಏನ್ಮಾಡ್ತೀರಿ, ಉಗುಳಿ ಆರಿಸ್ತೀರಾ?" ಕಂಪನಿಯಲ್ಲಿ ಬದಲಿ ಗಾಡಿ ಇದೆಯೇ ಎಂದು ಯಾರೋ ಕೇಳಿದರು. ಎಲ್ಲ ಊರಿನವೂ ವಾಪಸು ಬರುತ್ತಿರುವುದರಿಂದ ಸದ್ಯ ಇಲ್ಲ ಎಂದರು ನೊರೊನ್ಹಾ. ಮುಗಿಯಿತು. ಹೊರಡುವಾಗ ಅವರು ಭಾವನ ಕೈ ಹಿಡಿದುಕೊಂಡು, "ಗಾಲಿಯ ಹಿಂದೆ ಕಲ್ಲಾದರೂ ಇಡಿ. ದಪ್ಪದ್ದು, ಎರಡೂ ಕಡೆ. ನಾನು ಮತ್ತೆ ಬರ್ತೇನೆ," ಎಂದರು. ಭಾವ, "ಆಗಲಿ ಸ್ವಾಮಿ, ನೀವು ಬಸ್ಸು ನೋಡ್ಕಳಿ," ಎಂದ.

ಮನೆಗೆ ಬಂದ ಮೇಲೆ ನಾನು ತಟ್ಟೆ ಮುಟ್ಟಲಿಲ್ಲ. "ಯಾಕ್ ನಕ್ಕೆ?" ಎಂದೆ ಭಾವನಿಗೆ.

"ಎಲ್ರೂ ನಕ್ರು, ನಾನೊಬ್ಬ ಮುಖ ಸಿಂಡರಿಸ್ಕೊಂಡು ನಿಂತ್ಕಂಡ್ರೆ ಚೆಂದಾಗಿರ್ತದಾ?" ಎಂದ. "ಮೂಗಿನ ತುದೀಲಿ ಕೋಪ ಇಟ್ಕೊಂಡು ಓಡಾಡ್ಬೇಡ ಕಣ್ಲಾ ಜವರ. ಹನ್ನೆರಡು ವರ್ಸದಿಂದ ಆ ಗಾಡಿ ನನ್ನ ಕೈಯಾಗದೆ. ನಿಂತ್ಕೋ ಅಂದ್ರೆ ನಿಂತ್ಕತದೆ."

"ನಾನು ನೋಡಿದೆ, ಜರುಗ್ತು."

"ನಾನು ನೋಡ್ಲಿಲ್ವಲ್ಲ."

"ನೋಡೋ ಹೊತ್ನಾಗೆ ಹುರುಳಿ ಸಾರು ಸುರೀತಿದ್ದೆ, ಎಲ್ಲಿ ನೋಡ್ತೀಯ?"

ಅಕ್ಕನಿಗೆ ನಗು ಬಂತು. "ಇಬ್ಬರೂ ಸುಮ್ಕಿರಿ. ಹೊಗೆ ಬಂದಿದ್ರೆ ನನ್ನ ಸೀರೆಗೇ ಮೊದ್ಲು ಗೊತ್ತಾಗ್ತಿತ್ತು," ಎಂದು ಸೆರಗು ಮೂಸಿ ತೋರಿಸಿದಳು. ಭಾವನೂ ಬಗ್ಗಿ ಮೂಸಿ, "ಒಗ್ಗರಣೆ ವಾಸನೆ," ಎಂದ. ಆಮೇಲೆ ನಾನು ಉಂಡೆ.

ಭಾವ ಕೆಟ್ಟವನಲ್ಲ, ದಡ್ಡನೂ ಅಲ್ಲ. ಶುಕ್ರವಾರ ಶುಕ್ರವಾರ ಪಂಪಿನ ಹಿತ್ತಾಳೆ ಚಕ್ರಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ತನ್ನ ಹಳೇ ಪಂಚೆಯಿಂದ ಉಜ್ಜುತ್ತಿದ್ದ. ಗಾಡಿಯಲ್ಲಿ ಯಾರಾದರೂ ಚಪ್ಪಲಿ ಕಾಲು ಮೇಲಿಟ್ಟು ಕೂತರೆ ಇಳಿಸುತ್ತಿದ್ದ. ಊರಿನಲ್ಲಿ ಅವನನ್ನು ಯಾರೂ ತಿಮ್ಮರಾಯಿ ಎನ್ನುತ್ತಿರಲಿಲ್ಲ, ಗಾಡಿಯವರು ಎನ್ನುತ್ತಿದ್ದರು. ಆ ಗಾಡಿಯಲ್ಲಿ ದೋಷವಿದೆ ಎಂದರೆ ಅವನಿಗೆ ತನ್ನ ಮೈಯಲ್ಲಿ ದೋಷವಿದೆ ಎಂದ ಹಾಗೆ.

ಸ್ವಲ್ಪ ದಿನಕ್ಕೆ ಸರ್ವಮಂಗಳಾ ಟೀಚರ ಮನೆಗೆ ಹೊಗೆ ಬಂತು. ಒಂಟಿ ಹೆಂಗಸು, ಪಾಠ ಹೇಳಿ ರಿಟೈರಾದವರು. ಮನೆ ಇರುವುದು ಏರುಬೀದಿಯಲ್ಲಿ. ಹೆಸರೇ ಹೇಳುತ್ತದೆ, ಸೈಕಲ್ಲಿನವರೂ ಇಳಿದು ತಳ್ಳಿಕೊಂಡು ಹೋಗುವ ಬೀದಿ. ಬೆಳಗ್ಗೆ ಭಾವ ಗಾಡಿಯನ್ನು ಮೂತಿ ಮೇಲೆ ಮಾಡಿ ನಿಲ್ಲಿಸಿದ. ಹಿಂದೆ ಬೀದಿ ಇಳಿಯುತ್ತ ಹೋಗಿ ಕೆಳಗಿನ ಮನೆಯ ಕಾಂಪೌಂಡ್ ಗೋಡೆಗೆ ಮುಟ್ಟುತ್ತಿತ್ತು. ನಾನು ಉಪ್ಪಿಟ್ಟಿಗೂ ಹೋಗದೆ ಪಕ್ಕದ ಖಾಲಿ ಸೈಟಿನಿಂದ ಎರಡು ಸೈಜುಗಲ್ಲು ಹೊತ್ತು ತಂದು ಹಿಂದಿನ ಗಾಲಿಗಳಿಗೆ ಒತ್ತಿ ಇಟ್ಟೆ.

ಭಾವ ಗಾಡಿ ಸುತ್ತು ಹಾಕಿ ಬಂದವನು ನೋಡಿದ. "ತೆಗೀಲಾ."

"ತೆಗೆಯಲ್ಲ."

"ಜನ ನೋಡ್ತವ್ರೆ. ಗಾಡಿಯವರಿಗೆ ತಮ್ಮ ಗಾಡಿ ಮ್ಯಾಲೇ ನಂಬಿಕೆ ಇಲ್ಲ ಅಂತಾರೆ."

"ಅನ್ಲಿ. ಅಂದೋರು ಬಂದು ನಿನ್ ಜಾಗದಲ್ಲಿ ನಿಂತ್ಕಳ್ಳಿ."

ಅವನು ಕಾಲಿನಿಂದ ಒಂದು ಕಲ್ಲು ಸರಿಸಿದ. ನಾನು ಮತ್ತೆ ಒತ್ತಿಟ್ಟೆ. ಅವನು ಮತ್ತೆ ಸರಿಸಿದ. ಇಬ್ಬರೂ ಮಕ್ಕಳ ಹಾಗೆ ಬಗ್ಗಿ ಏಳುತ್ತಿದ್ದಾಗಲೇ ಅಧ್ಯಕ್ಷರು ಬಿಳೀ ಪಂಚೆ ಉಟ್ಟುಕೊಂಡು ತಿಂಡಿಗೆ ಬಂದರು. "ಏನ್ ತಿಮ್ಮರಾಯಿ, ಗಾಡಿಗೆ ದಿಂಬು ಕೊಟ್ಟಿದ್ದೀಯ? ಬಾಣಂತಿಯಾ?" ಬೀದಿ ಘೊಳ್ಳೆಂದಿತು. ಭಾವನ ಕಿವಿ ಕೆಂಪಾಯಿತು. ಅವನು ಎರಡೂ ಕಲ್ಲುಗಳನ್ನು ಒಂದೊಂದಾಗಿ ಎದೆಗೆ ಎತ್ತಿಕೊಂಡು ಹೋಗಿ ಎಲ್ಲರೂ ನೋಡುವ ಹಾಗೆ ಚರಂಡಿಗೆ ಎಸೆದ. ಕೊಚ್ಚೆ ಅವನ ಮುಖಕ್ಕೇ ಚಿಮ್ಮಿತು. ಟೀಚರು ಹೆಗಲಿಗೆ ಟವೆಲ್ಲು ಹಾಕಿಕೊಂಡು ಒಂದು ತಂಬಿಗೆ ನೀರು ತಂದುಕೊಟ್ಟರು. ನಾನು ಬೇರೆ ಕಲ್ಲು ತರಲು ಹೊರಟೆ. ಅಷ್ಟರಲ್ಲಿ ಅಟ್ಟದ ಮೇಲೆ ಬೆಂಕಿ ಬಂತು.

ಬೆಂಕಿ ಬಂದ ಮೇಲೆ ನಾನು ಪೈಪಿನವನು, ಬೇರೆ ಏನೂ ಅಲ್ಲ. ಓಡಿ ಒಳಗೆ ನುಗ್ಗಿದೆ. ಭಾವ ಹಿಂದೆ ಪಂಪು ತೆರೆದ. ನೀರು ಯಾವತ್ತಿನ ಹಾಗೆ ಕೈಯನ್ನು ಒದ್ದುಕೊಂಡು ಬಂತು. ಅಟ್ಟದ ಅರ್ಧ ಬೆಂಕಿ ಸತ್ತಿತ್ತು. ಆಗ ಪೈಪು ನನ್ನ ಕೈಯನ್ನು ಜೋರಾಗಿ ಹಿಂದಕ್ಕೆ ಎಳೆಯಿತು, ಬೆರಳುಗಳಿಂದ ಕಿತ್ತುಕೊಂಡು ಹೊಸ್ತಿಲು ದಾಟಿ ಸರಸರ ಹೊರಗೆ ಓಡಿತು. ನಾನು ಅದರ ಹಿಂದೆಯೇ ಹೊರಗೆ ಬಂದೆ. ಗಾಡಿ ಇದ್ದ ಜಾಗದಲ್ಲಿ ಬಿಸಿಲು ಬಿದ್ದಿತ್ತು.

ಇಂಜಿನಿನ ಗುಡುಗುಡು ಬಿಟ್ಟರೆ ಬೇರೆ ಒಂದು ಸದ್ದೂ ಆಗಿರಲಿಲ್ಲ. ಊರೆಲ್ಲ ಬೆಂಕಿ ನೋಡುತ್ತಿತ್ತು. ಗಾಡಿ ಇಳಿಯುವುದನ್ನು ಕಂಡ ಒಂದಿಬ್ಬರೂ ಕೂಗಿರಲಿಲ್ಲ. ತಿಮ್ಮರಾಯಿಯೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಾನೆ ಅಂದುಕೊಂಡೆವು ಎಂದು ಆಮೇಲೆ ಹೇಳಿದರು. ತಿಮ್ಮರಾಯಿ ಗಾಡಿಯ ಹಿಂದಿದ್ದ. ಅವನ ಹಿಂದೆ ಕಾಂಪೌಂಡ್ ಗೋಡೆ ಇತ್ತು.

ನಾನು ಕೂಗಿದೆ. "ತಳ್ಳಿ! ಗಾಡಿ ತಳ್ರೋ!" ಜನ ಓಡಿ ಬಂದರು. ಬಂದು ನಿಂತರು. ನಾನು ಹೇಳುವುದನ್ನು ನೀವು ನಂಬಬೇಕು, ಏಕೆಂದರೆ ನನಗೇ ನಂಬಲು ಆಗಿಲ್ಲ. ಹೂವಿನ ಅಂಗಡಿಯವನು ಮೂಗು ಮೇಲೆ ಮಾಡಿ ಗಾಳಿ ಮೂಸಿದ. ಅವನ ಪಕ್ಕದವನು ಮೂಸಿದ. ಬಸ್ಸಿನ ಏಜೆಂಟು ತನ್ನ ತೋಳು ಮೂಸಿಕೊಂಡ. ಹೆಂಗಸರು ಸೆರಗು ಮೂಸಿದರು. ಅಧ್ಯಕ್ಷರು ಶಲ್ಯ ಎತ್ತಿ ಮುಖಕ್ಕೆ ಒತ್ತಿಕೊಂಡು ಮೂಸಿದರು. ನನ್ನ ಭಾವ ಗಾಡಿಗೂ ಗೋಡೆಗೂ ನಡುವೆ ಇದ್ದಾನೆ, ಅವನ ಕೈ ಪಂಪಿನ ಚಕ್ರದ ಮೇಲಿದೆ, ಬೀದಿಯ ಜನರೆಲ್ಲ ನಾಯಿಗಳ ಹಾಗೆ ಮೂಸುತ್ತಿದ್ದಾರೆ. "ಹೊಗೆ ಬಂದಿರ್ಲಿಲ್ವಲ್ಲ?" ಎಂದು ಒಬ್ಬ ಇನ್ನೊಬ್ಬನನ್ನು ಕೇಳುತ್ತಿದ್ದಾನೆ. "ನಿಮ್ಮನೇಗೆ?" "ಇಲ್ಲ. ನಿಮ್ಮನೇಗೆ?" ನಾನು ಒಬ್ಬನ ಕೊರಳಪಟ್ಟಿ ಹಿಡಿದು ಎಳೆದು ಗಾಡಿಗೆ ಒತ್ತಿದೆ. ಆಮೇಲೆ ಉಳಿದವರೂ ಕೈ ಹಚ್ಚಿದರು. ಗಾಡಿ ಮೇಲಕ್ಕೆ ಹೋಯಿತು. ಭಾವ ಜಾರಿ ನನ್ನ ಮೇಲೆ ಬಿದ್ದ. ಜೀವ ಇರಲಿಲ್ಲ. ಹಿಂದೆ ಟೀಚರ ಮನೆ ಪೂರ್ತಿ ಹತ್ತಿಕೊಂಡು ಉರಿಯುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ. ಟೀಚರೂ ನೋಡಲಿಲ್ಲ. ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಭಾವನ ಮುಖ ಮುಚ್ಚಿದರು.

ಮನೆಗೆ ಬಂದ ಜನ ಅಳಲಿಲ್ಲ, ವಿಚಾರಣೆ ಮಾಡಿದರು. ಅಕ್ಕನ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದು ಒಂದೊಂದೇ ಮೂಸಿದರು. ಅಕ್ಕ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಅವರ ಮೇಲೆ ನನಗೆ ಕೈ ಎತ್ತುವಷ್ಟು ಸಿಟ್ಟು ಬಂದಿತ್ತು. ಆದರೆ ಅವರ ಮುಖ ನೋಡಿದರೆ ಹೆದರಿಕೆಯಾಗುತ್ತಿತ್ತು. ಕಾಲ ಕೆಳಗಿನ ನೆಲವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವವರ ಮುಖ. ಕೆಲವು ದಿನ ಊರು ಊರಾಗಿರಲಿಲ್ಲ. ಹುಣಸೆ ಮರಗಳು ಖಾಲಿಯಾದವು. ಬಸ್ಸು ಖಾಲಿ ಹೋಗಿ ಖಾಲಿ ಬಂತು. ಹೆಂಗಸರು ಬಾವಿಯ ಹಗ್ಗವನ್ನು ಎಳೆದೆಳೆದು ನೋಡಿದರು. ಮುದುಕರು ಗೋಡೆಗೆ ಒರಗಲಿಲ್ಲ. ಹಾಗೆಯೇ ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಯಾರೋ ಒಬ್ಬರು ಹೇಳಿದರು. ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಾದರೆ ಬಿಡುವುದಿಲ್ಲ. ಜವರನಿಗೆ ಹೊಗೆ ಬಂದಿತ್ತು, ಇಲ್ಲದಿದ್ದರೆ ಕಲ್ಲು ಯಾಕಿಡುತ್ತಿದ್ದ ಎಂದರು. ಮಾರನೆಯ ದಿನ ಊರೆಲ್ಲ ಅದನ್ನೇ ಹೇಳುತ್ತಿತ್ತು. ಹೊಗೆ ಬಂದಿತ್ತು. ಬಂದೇ ಇತ್ತು. ಒಬ್ಬನ ಮೂಗಿಗೆ ಮಾತ್ರ ಬಂದಿತ್ತು. ಆ ದಿನವೇ ಬಸ್ಸು ತುಂಬಿ ಹೋಯಿತು. ಮಕ್ಕಳು ಮರ ಹತ್ತಿದರು. ಟೀ ಅಂಗಡಿಗೆ ಹೋದರೆ ನನ್ನನ್ನು ನೋಡಿ ಎದ್ದು ನಿಂತರು, ಅಂಗಡಿಯವನು ನನ್ನ ಲೋಟವನ್ನು ಎರಡು ಸಲ ತೊಳೆದ.

"ಯಾವ ಹೊಗೆನೂ ಬಂದಿಲ್ಲ!" ಎಂದು ಕೂಗಿದೆ. "ಆ ಕಂಪನಿಯವರು ಬಾಯಿಬಿಟ್ಟು ಹೇಳಿದ್ರಲ್ಲೋ! ನಿಮ್ ಮುಂದೇನೇ ಹೇಳಿದ್ರಲ್ಲೋ!"

"ಅವ್ರು ಹೇಳಿದ್ರು, ನಾವೂ ಕೇಳಿದ್ವಿ," ಎಂದ ಬಸ್ಸಿನ ಏಜೆಂಟು, ಬಹಳ ಮರ್ಯಾದೆಯಿಂದ. "ಆದ್ರೆ ನಂಬ್ಕೆ ಬಂದಿದ್ದು ನಿಂಗೊಬ್ಬಂಗೇ ಅಲ್ವಾ? ಯಾಕ್ ಬಂತು ಹೇಳು."

ನಾನು ಲೋಟ ಕುಕ್ಕಿ ಹೊರಗೆ ಬಂದೆ. ಸ್ಟೇಷನ್ನಿನ ಮುಂದೆ ಗಾಡಿ ತೊಳೆದು ನಿಲ್ಲಿಸಿದ್ದರು. ಪಂಪಿನ ಹಿತ್ತಾಳೆ ಚಕ್ರಗಳಿಗೆ ಎಣ್ಣೆ ಹಚ್ಚಿದ್ದರು. ಹೊಸ ಡ್ರೈವರು ಪುಟ್ಟಮಾದ ಪಂಪಿನ ಮುಂದೆ ನಿಂತು ಯಾವುದು ಎಡಕ್ಕೆ ತಿರುಗುತ್ತದೆ ಯಾವುದು ಬಲಕ್ಕೆ ಎಂದು ಕಲಿಯುತ್ತಿದ್ದ. ನನ್ನ ಜೊತೆ ಗೋಲಿ ಆಡಿದವನು. ಸರಿಯಾಗಿ ಭಾವ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದ. ನಾನು ಅಂಗಡಿಯಿಂದ ಜಾಕು, ನಟ್ಟು ಬಿಚ್ಚುವ ಪಾನ ತಂದು ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣ ಮುಂದೆ ಗಾಡಿಯ ಗಾಲಿಗಳನ್ನು ಬಿಚ್ಚಿದೆ. ಒಂದೊಂದಾಗಿ ಉರುಳಿಸಿಕೊಂಡು ಹೋಗಿ ಅಂಗಡಿಯಲ್ಲಿ ಹಾಕಿ ಬೀಗ ಜಡಿದೆ. ಯಾರಾದರೂ ತಡೆಯಲಿ, ಹೊಡೆದಾಡುತ್ತೇನೆ ಎಂದುಕೊಂಡಿದ್ದೆ. ಒಬ್ಬನೂ ತಡೆಯಲಿಲ್ಲ. ನನಗೆ ಮತ್ತೆ ಹೊಗೆ ಬಂದಿರಬೇಕು ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ತಿಥಿಯ ದಿನ ಮನೆಯ ಮುಂದೆ ಚಪ್ಪರ ಹಾಕಿತ್ತು. ಊರೆಲ್ಲ ಬಂದಿತ್ತು. ಪಂಕ್ತಿ ಎದ್ದ ಮೇಲೆ ಅಧ್ಯಕ್ಷರು ನನ್ನ ಪಕ್ಕ ಬಂದು ಕೂತರು. ಬೆಂಚಿನ ಮಾತಾಡಿದ ಬಾಯಲ್ಲೇ, "ಅಪ್ಪಾ ಜವರಪ್ಪ," ಎಂದರು. "ಊರಿಗೆ ಗಾಡಿ ಬೇಕು. ನಿಂಗೆ ಹೊಗೆ ಬಂದಿತ್ತು ಅಂತ ಒಂದ್ ಮಾತು ಎಲ್ಲರ ಮುಂದೆ ಹೇಳ್ಬುಡು, ಗಾಲಿ ಕೊಡು. ಇನ್ಮೇಲೆ ಗಾಡಿ ಹೊರಡೋ ಮುಂಚೆ ನೀನೇ ಮೂಸಿ ಹೇಳು, ನೀನು ಹೂಂ ಅಂದ್ರೇನೆ ಹೊರಡೋದು. ಸರಿನಾ?"

"ಗಾಡಿನ ಕಂಪನಿಗೆ ಕಳಿಸಿ," ಎಂದೆ.

"ಗಾಡೀಲಿ ಏನೈತಪ್ಪ? ಹೊಗೆ ಬಂತು, ಆಯ್ತು. ಬಂದ ಮೇಲೆ ಯಾರು ತಡೆಯಕಾಯ್ತದೆ?"

ನಾನು ಎದ್ದು ನಿಂತೆ. ಅವತ್ತು ಎಲ್ಲ ಹೇಳಿಬಿಡುತ್ತಿದ್ದೆ. ದಿಂಬು, ಬಾಣಂತಿ, ಆ ನಗು, ಚರಂಡಿ, ಅವರವರು ಮೂಸಿದ್ದು, ಎಲ್ಲ. ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಳಗಿನಿಂದ ಅಕ್ಕ ಬಂದಳು. ಭಾವ ಹೋದಾಗಿನಿಂದ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ಯಾರ ಜೊತೆಯೂ ಆಡಿರಲಿಲ್ಲ. ಬಂದವಳು ನನ್ನ ಮುಂದೆ ನಿಂತು ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿಂಗೆ ಹೊಗೆ ಬಂದಿತ್ತಲ್ವೇನಪ್ಪ?" ಎಂದಳು.

ಚಪ್ಪರದಲ್ಲಿ ಎಲೆ ಎತ್ತುತ್ತಿದ್ದವರೂ ನಿಂತರು.

"ಹೆಂಗಸ್ರು ನೀರಿನ ಹತ್ರ ಮಾತಾಡ್ಕೊತಾರೆ. ನಿನ್ ಭಾವನೇ ಕಲ್ಲು ಎತ್ತಿ ಎಸೆದ್ರಂತೆ. ಎಸೀದೆ ಇದ್ದಿದ್ರೆ ಬದುಕ್ತಿದ್ರಂತೆ. ಅವ್ರ ಸಾವು ಅವ್ರ ಕೈಯಲ್ಲೇ ಆಯ್ತಂತೆ. ನಂಗೆ ಕಣ್ ಮುಚ್ಚಿದ್ರೆ ಅವ್ರು ಕಲ್ಲು ಎತ್ತೋದೇ ಕಾಣ್ತದೆ ಕಣೋ. ಹೊಗೆ ಬಂದಿತ್ತು ಅಂದ್ರೆ..." ಅವಳು ನನ್ನ ಕೈಗಳನ್ನು ಅಲ್ಲಾಡಿಸಿದಳು. "ಬಂದಿತ್ತು ಅಂದ್ರೆ ಕಲ್ಲಿದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಅಲ್ವಾ? ನೀನು ನಿನ್ ಕೈಲಾದ್ದು ಮಾಡಿದೆ. ಹೂಂ ಅನ್ನು. ಒಂದು ಸಲ ಹೂಂ ಅನ್ನು, ಸಾಕು."

ನಾನು ಅವಳ ಮುಖ ನೋಡಿದೆ. ಅವಳ ಹಿಂದೆ ಅಧ್ಯಕ್ಷರ ಮುಖ ಕಾಣುತ್ತಿತ್ತು. ಅವರೂ ಆಸೆಯಿಂದ ಕಾಯುತ್ತಿದ್ದರು. ಅವರ ಹಿಂದೆ ಕಂಬಕ್ಕೆ ಒರಗಿ ಪುಟ್ಟಮಾದ ನಿಂತಿದ್ದ. ನನ್ನ ಎದೆಯಲ್ಲಿ ಎದ್ದ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ಹೂಂ ಅಂದರೆ ಅಕ್ಕನಿಗೆ ನಿದ್ದೆ ಬರುತ್ತದೆ, ನಾಳೆ ಪುಟ್ಟಮಾದ ಗಾಡಿಯ ಹಿಂದೆ ನಿಲ್ಲುತ್ತಾನೆ. ಇಲ್ಲ ಅಂದರೆ ಅವಳು ಸಾಯುವವರೆಗೂ ಅವಳ ಕಣ್ಣ ಮುಂದೆ ಅವಳ ಗಂಡ ಆ ಕಲ್ಲು ಎತ್ತುತ್ತಲೇ ಇರುತ್ತಾನೆ.

ನಾನು ಅವಳ ಕೈಗಳಿಂದ ನನ್ನ ಕೈಗಳನ್ನು ಬಿಡಿಸಿಕೊಂಡೆ. ಮೆಲ್ಲಗೆ ಬಿಡಿಸಿಕೊಂಡೆ, ಅಷ್ಟನ್ನಾದರೂ ಮಾಡಿದೆ. ಅವಳು "ಜವರಾ," ಎಂದಳು. ಚಪ್ಪಲಿಗಳ ರಾಶಿಯಲ್ಲಿ ನನ್ನದು ಒಂದೇ ಸಿಕ್ಕಿತು, ಇನ್ನೊಂದನ್ನು ಹುಡುಕಲಿಲ್ಲ. ಸಿಕ್ಕಿದ್ದನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಚಪ್ಪರ ದಾಟಿದೆ. ಜನ ಎರಡೂ ಕಡೆ ಸರಿದರು. ಬೀದಿ ಬಿಸಿಯಾಗಿತ್ತು.

ಹಿಂದಿನಿಂದ ಅಧ್ಯಕ್ಷರ ದನಿ ಕೇಳಿಸಿತು, ನಿಟ್ಟುಸಿರಿನ ಜೊತೆ.

"ಇಲ್ಲ ಅನ್ನಲಿಲ್ಲ, ನೋಡಿದ್ರಾ?"

"ಹೌದು, ಅನ್ನಲಿಲ್ಲ," ಎಂದರು ಯಾರೋ. "ಅನ್ನಲಿಲ್ಲ, ಅನ್ನಲಿಲ್ಲ," ಎಂದು ಚಪ್ಪರದ ತುಂಬ ಹರಡಿತು. ನಾನು ನಡೆಯುತ್ತಲೇ ಇದ್ದೆ.